ಸ್ಕೀಯಿಂಗಿಗೆ ಮೊದಲ ಕ್ಯಾಮೆರಾ

ಸ್ಕೀ ಪ್ರವಾಸದಲ್ಲಿ ಫೋಟೋ, ವಿಡಿಯೋ ಎರಡಕ್ಕೂ ಆಗುವ ಮೊದಲ ಕ್ಯಾಮೆರಾ ಯಾವುದು ಅಂತ ಕೇಳಿದ್ದೀರಿ. ಕಣ್ಣು ಮುಚ್ಚಿಕೊಂಡು ಆಕ್ಷನ್ ಕ್ಯಾಮೆರಾ (ಮೈಗೆ ಕಟ್ಟಿಕೊಳ್ಳಬಹುದಾದ ಪುಟ್ಟ, ಗಟ್ಟಿಮುಟ್ಟಾದ ಕ್ಯಾಮೆರಾ) ತಗೊಳ್ಳಿ. ಗೋಪ್ರೋ ಹೀರೋ, ಡಿಜೆಐ ಆಸ್ಮೋ ಆಕ್ಷನ್ ತರಹದ್ದು. ಹಿಮ ಮೆತ್ತಿದರೂ ಚಿಂತೆಯಿಲ್ಲ, ಕೈಗವಸು ಹಾಕಿಕೊಂಡೇ ಬಟನ್ ಒತ್ತಬಹುದು. ದೂರದಲ್ಲಿರುವ ಗೆಳೆಯರನ್ನು ಜೂಮ್ ಮಾಡಿ ತೆಗೆಯೋಕೆ ಮಾತ್ರ ಇದು ಆಗುವುದಿಲ್ಲ.

ಎದೆಗೆ ಕಟ್ಟಿಕೊಳ್ಳಿ. ಸ್ಕೀ, ಕೈ ಎರಡೂ ಚೌಕಟ್ಟಿನೊಳಗೆ ಬರುತ್ತವೆ, ವೇಗ ಚೆನ್ನಾಗಿ ಗೊತ್ತಾಗುತ್ತದೆ.

ಬಿಳಿ ಹಿಮ ಕಂಡರೆ ಕ್ಯಾಮೆರಾ ಬೆಳಕು ಜಾಸ್ತಿಯಾಯಿತು ಅಂದುಕೊಂಡು ಚಿತ್ರವನ್ನು ಮಂಕು ಮಾಡಿಬಿಡುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಚಿತ್ರದ ಬೆಳಕು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) +0.5 ಅಥವಾ +1ಕ್ಕೆ ಇಟ್ಟು ನೋಡಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಅಲ್ವಾ? ಇನ್ನೊಂದು ಬ್ಯಾಟರಿ ಒಳಜೇಬಿನಲ್ಲಿ ಬೆಚ್ಚಗಿರಲಿ. ಬೆಚ್ಚನೆಯ ಕೋಣೆಗೆ ಬರುವ ಮುಂಚೆಯೇ ಕ್ಯಾಮೆರಾವನ್ನು ಜಿಪ್ ಕವರಿನೊಳಗೆ ಹಾಕಿಬಿಡಿ. ಇಲ್ಲದಿದ್ದರೆ ಲೆನ್ಸ್ ಮೇಲೆಲ್ಲ ನೀರು ಕಟ್ಟುತ್ತದೆ.