ಶಾರ್ಜಾಕ್ಕೆ ಹೊಸದಾಗಿ ಬಂದ ತಮ್ಮನಿಗೆ, ಸಾಲದ ಬಗ್ಗೆ

ತಮ್ಮಾ, ನೀನು ಬರೆದದ್ದು ಓದಿದೆ. ಬಂದು ಮೂರು ತಿಂಗಳಾಯಿತು, ಸಂಬಳ 6,500 ದಿರ್ಹಮ್. ಊರಿನ ಸೊಸೈಟಿಯಲ್ಲಿ ಅಮ್ಮನ ಬಳೆ ಒಂದೂವರೆ ಲಕ್ಷಕ್ಕೆ ಅಡವಿದೆ. ಅಕ್ಕನ ಮದುವೆಗೂ ಇಲ್ಲಿಗೆ ಬರಲಿಕ್ಕೂ ಮಾಡಿದ ಕೈಸಾಲ 4 ಲಕ್ಷ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಈಗ ಬ್ಯಾಂಕಿನ ಏಜೆಂಟ್ ದಿನಾ ಫೋನ್ ಮಾಡಿ ಸಂಬಳದ 20 ಪಟ್ಟು ಸಾಲ ಕೊಡಿಸ್ತೇನೆ ಅಂತಿದ್ದಾನೆ. ಅದನ್ನು ತಗೊಂಡು ಊರಿನದ್ದೆಲ್ಲ ಒಂದೇ ಏಟಿಗೆ ತೀರಿಸಿ, ಉಳಿದದ್ದರಲ್ಲಿ ಮನೆಯ ಹೆಂಚು ತೆಗೆಸಿ ಸ್ಲ್ಯಾಬ್ ಹಾಕಿಸಲಾ ಅಂತ ಕೇಳಿದ್ದೀಯ. ಕೊನೆಗೆ, "ಅಣ್ಣ, ಇಲ್ಲಿ ಬದುಕೋದು ಹೇಗೆ" ಅಂತಲೂ ಕೇಳಿದ್ದೀಯ.

ಮೊದಲು ಏಜೆಂಟನ ಮಾತು. ಅವನು ಸುಳ್ಳು ಹೇಳುತ್ತಿಲ್ಲ. ಸಂಬಳದ 20 ಪಟ್ಟಿಗಿಂತ ಹೆಚ್ಚು ಸಾಲ ಕೊಡಬಾರದು, 48 ತಿಂಗಳೊಳಗೆ ತೀರಬೇಕು, ಕಂತುಗಳೆಲ್ಲ ಸೇರಿ ಸಂಬಳದ ಅರ್ಧ ದಾಟಬಾರದು ಅಂತ ಇಲ್ಲಿಯ ಕೇಂದ್ರ ಬ್ಯಾಂಕು 2011ರಲ್ಲೇ ನಿಯಮ ಮಾಡಿದೆ. ಬ್ಯಾಂಕುಗಳು ಅತಿಯಾಗಿ ಸಾಲ ಕೊಡದಿರಲಿ ಅಂತ ಹಾಕಿದ ಗೆರೆ ಅದು. ಏಜೆಂಟರ ಬಾಯಲ್ಲಿ ಅದೇ "ನಿಮಗೆ ಇಷ್ಟು ಎಲಿಜಿಬಿಲಿಟಿ ಇದೆ ಸರ್" ಅಂತ ಆಗುತ್ತದೆ. ಗೆರೆಯ ತುದಿಯವರೆಗೂ ಹೋದರೆ ಏನಾಗುತ್ತದೆ ನೋಡು. ನಿನ್ನ ಸಂಬಳದ 20 ಪಟ್ಟು, ಅಂದರೆ 1,30,000 ದಿರ್ಹಮ್ ಸಾಲ, ಫ್ಲ್ಯಾಟ್ ಶೇ 4ರ ಬಡ್ಡಿ ಅಂತಿಟ್ಟುಕೋ. ನಾಲ್ಕು ವರ್ಷಕ್ಕೆ ಬಡ್ಡಿ 20,800, ತಿಂಗಳ ಕಂತು 3,142. ಬೆಡ್‌ಸ್ಪೇಸ್ (ಹಂಚಿಕೊಂಡ ರೂಮಿನಲ್ಲಿ ಒಂದು ಮಂಚದ ಬಾಡಿಗೆ) 900, ಊಟ 700, ಬಸ್ಸು ಮೆಟ್ರೋ 400, ಫೋನು 150 ತೆಗೆದರೆ ಕೈಯಲ್ಲಿ ಉಳಿಯೋದು 1,208. ಅಪ್ಪನ ಔಷಧಿ, ಮನೆಖರ್ಚು, ನಿನ್ನ ಜ್ವರ, ಟಿಕೆಟ್ಟು ಎಲ್ಲ ಅದರಲ್ಲೇ, ನಾಲ್ಕು ವರ್ಷ. ಅಂದ ಹಾಗೆ, ಆ ಶೇ 4 ನಿಜಕ್ಕೂ 4 ಅಲ್ಲ. ಅಸಲು ಇಳಿಯುತ್ತಾ ಹೋದರೂ ಬಡ್ಡಿ ಮಾತ್ರ ಪೂರ್ತಿ ಮೊತ್ತದ ಮೇಲೇ ಹಾಕಿರುತ್ತಾರೆ, ಹಾಗಾಗಿ ಅದು ಸುಮಾರು ಏಳೂವರೆ ಆಗುತ್ತದೆ. ಯಾವ ಬ್ಯಾಂಕಿಗೆ ಹೋದರೂ "ರೆಡ್ಯೂಸಿಂಗ್ ರೇಟ್ ಎಷ್ಟು" ಅಂತಲೇ ಕೇಳು, ಅಂದರೆ ಉಳಿದ ಅಸಲಿನ ಮೇಲೆ ಮಾತ್ರ ಹಾಕುವ ಬಡ್ಡಿ.

ಈಗ ಸಾಲ ತಗೊಳ್ಳದೇ ಲೆಕ್ಕ ಹಾಕೋಣ. 6,500ರಲ್ಲಿ ನಿನ್ನ ಖರ್ಚು 2,150 ತೆಗೆ, ಮನೆಗೆ 1,500 ಕಳಿಸು. ಉಳಿಯೋದು 2,850. ದಿರ್ಹಮಿಗೆ 23 ರೂಪಾಯಿ ಅಂತ ಹಿಡಿದರೂ 65 ಸಾವಿರ. ಅಷ್ಟನ್ನೂ ಮೊದಲು ಕೈಸಾಲಕ್ಕೇ ಕಟ್ಟುತ್ತಾ ಹೋದರೆ ಏಳೆಂಟು ತಿಂಗಳಲ್ಲಿ ಬಡ್ಡಿ ಸಮೇತ 4 ಲಕ್ಷ ಚುಕ್ತಾ. ಇನ್ನು ಮೂರು ತಿಂಗಳಿಗೆ ಬಳೆ ಅಮ್ಮನ ಕೈಗೆ ಬರುತ್ತದೆ. ಬಳೆಯನ್ನೇ ಮೊದಲು ಬಿಡಿಸೋಣ ಅನ್ನಿಸುತ್ತದೆ, ಗೊತ್ತು. ಆದರೆ ಸೊಸೈಟಿಯ ಬಡ್ಡಿ ಕಡಿಮೆ, ಕೈಸಾಲದ್ದು ವರ್ಷಕ್ಕೆ ಶೇ 36. ಬಳೆಗೆ ಬಡ್ಡಿ ಮಾತ್ರ ಕಟ್ಟಿ ರಿನ್ಯೂ ಮಾಡಿಸು, ಅಮ್ಮನಿಗೆ ಕಾರಣ ಹೇಳು.

ಇಷ್ಟು ಸುಲಭವಾಗಿದ್ದರೆ ಇಲ್ಲಿ ಹತ್ತು ಹದಿನೈದು ವರ್ಷ ದುಡಿದವರೂ ಸಾಲದಲ್ಲಿ ಯಾಕಿದ್ದಾರೆ? ಆ 2,850 ಕೈಯಲ್ಲಿ ನಿಲ್ಲುವುದಿಲ್ಲ, ಅದಕ್ಕೆ. ಊರಿನಲ್ಲಿ ನೀನೀಗ "ದುಬೈಯಲ್ಲಿರುವವನು". ಶಾರ್ಜಾ ಅಂದರೂ ಅವರಿಗೆ ದುಬೈಯೇ. ದೇವಸ್ಥಾನದ ಜೀರ್ಣೋದ್ಧಾರದ ರಸೀದಿಯಲ್ಲಿ ನಿನ್ನ ಹೆಸರಿನ ಮುಂದೆ ಎಷ್ಟು ಬರೆಯಬೇಕು ಅಂತ ನಿನಗಿಂತ ಮೊದಲೇ ಬೇರೆಯವರು ತೀರ್ಮಾನಿಸಿರುತ್ತಾರೆ. ಎಲ್ಲಕ್ಕಿಂತ ದೊಡ್ಡ ಹೊಡೆತ ಮೊದಲ ರಜೆಯದ್ದು. ಹೊರಡುವ ಹಿಂದಿನ ವಾರ ಯಾವ ರೂಮಿಗೆ ಹೋದರೂ ನೋಡಬಹುದು: ನೆಲದ ಮೇಲೆ ತೆರೆದಿಟ್ಟ ಪೆಟ್ಟಿಗೆ, ತೂಗುವ ಕೈತಕ್ಕಡಿ, ಚಾಕಲೇಟ್, ಸೆಂಟು, ಬಾದಾಮಿ, ಭಾವನಿಗೆ ಫೋನು, ದುಬೈಯ ಚಿನ್ನದ ಪೇಟೆ ದೇರಾದಿಂದ ತಂದ ಒಂದು ಚಿನ್ನದ ಚೈನು. ಅದರಲ್ಲಿ ಅರ್ಧಕ್ಕರ್ಧ ಕಾರ್ಡಿನಲ್ಲಿ ಉಜ್ಜಿದ್ದು. ರಜೆ ಮೂವತ್ತು ದಿನಕ್ಕೆ ಮುಗಿಯುತ್ತದೆ, ಆ ಬಿಲ್ಲು ಮುಂದಿನ ರಜೆಯವರೆಗೂ ನಡೆಯುತ್ತದೆ.

ಕಾರ್ಡಿನ ವಿಷಯದಲ್ಲಿ ನಮ್ಮವರ ನಂಬಿಕೆ ನನಗೆ ಇವತ್ತಿಗೂ ಸಂಕಟ ಕೊಡುತ್ತದೆ. ಊರಿನಲ್ಲಿ ಮೂರು ರೂಪಾಯಿ ಬಡ್ಡಿ ಅಂದರೆ ಅಪ್ಪ ಅಮ್ಮ ನಿದ್ದೆ ಬಿಡುತ್ತಾರೆ, ನೀನೂ ಬಿಟ್ಟಿದ್ದೀಯ. ಇಲ್ಲಿಯ ಕ್ರೆಡಿಟ್ ಕಾರ್ಡಿನ ಬಡ್ಡಿಯೂ ತಿಂಗಳಿಗೆ ಶೇ 3ರ ಆಸುಪಾಸೇ. ಅದೇ ಮೂರು ರೂಪಾಯಿ. 10,000 ಬಾಕಿ ಇಟ್ಟು ಮಿನಿಮಮ್ ಅಂತ 500 ಕಟ್ಟಿದರೆ 300 ಬಡ್ಡಿಗೇ ಹೋಯಿತು, ಅಸಲು ಇಳಿದದ್ದು ಬರೀ 200. ಮನೆಬಾಗಿಲಿಗೆ ಬಂದು ಯಾರೂ ಕೂಗಾಡುವುದಿಲ್ಲ, ಹಾಗಾಗಿ ಅದು ಸಾಲ ಅಂತಲೇ ಅನ್ನಿಸುವುದಿಲ್ಲ.

ನನಗೆ ಗೊತ್ತಿರುವವರಲ್ಲಿ ಸಾಲ ಪೂರ್ತಿ ತೀರಿಸಿ ನೆಮ್ಮದಿಯಾದವರೊಬ್ಬರು ಕುಂದಾಪುರದ ಕಡೆಯವರು. ಅವರು ಮೊದಲು ಮಾಡಿದ ಕೆಲಸ, ಪೇ ಸ್ಲಿಪ್ಪಿನ ಫೋಟೋ ತೆಗೆದು ಹೆಂಡತಿಗೆ ಕಳಿಸಿದ್ದು. ಅಲ್ಲಿಯತನಕ ಮನೆಯವರಿಗೆ ಸಂಬಳ ಎಷ್ಟು ಅಂತ ಸರಿಯಾಗಿ ಗೊತ್ತಿರಲಿಲ್ಲ, ಕೇಳಿದಷ್ಟು ಕಳಿಸುತ್ತಿದ್ದರು, ಸಾಲದಿದ್ದರೆ ಕಾರ್ಡು. ಆ ಮೇಲೆ ಆಕೆ ಅಡುಗೆಮನೆಯ ಗೋಡೆ ಕ್ಯಾಲೆಂಡರಿನಲ್ಲಿ ಪ್ರತಿ ತಿಂಗಳ ಒಂದನೇ ತಾರೀಕಿನ ಚೌಕದೊಳಗೆ ಉಳಿದ ಅಸಲು ಬರೆಯತೊಡಗಿದರು. "ಈ ತಿಂಗಳು ಎಷ್ಟು ಕಳಿಸ್ತೀಯ" ಅಂತ ಕೇಳುತ್ತಿದ್ದ ತಾಯಿ ಫೋನಿನಲ್ಲಿ "ಈ ಸಲ ಎಷ್ಟು ಇಳಿಯಿತು ಮಗಾ" ಅಂತ ಕೇಳತೊಡಗಿದರು. ಅವರ ಸಂಬಳ ಆ ವರ್ಷಗಳಲ್ಲಿ ಹೇಳಿಕೊಳ್ಳುವಷ್ಟೇನೂ ಏರಿರಲಿಲ್ಲ. ನೀನೂ ನಿನ್ನ ಮನೆಯಲ್ಲಿ ಬಾಯಿಬಿಟ್ಟು ಹೇಳು. ಮರ್ಯಾದೆ ಹೋಗುವುದಿಲ್ಲ.

ಇನ್ನೊಂದು ಮಾತು ಯಾರಾದರೂ ಕಿವಿಗೆ ಹಾಕುತ್ತಾರೆ: ರೂಪಾಯಿ ಬಿದ್ದಿದೆ, ಇಲ್ಲಿ ಸಾಲ ತೆಗೆದು ಊರಿನ ಎನ್‌ಆರ್‌ಇ ಖಾತೆಯಲ್ಲಿ (ಹೊರದೇಶದಲ್ಲಿರುವವರ ರೂಪಾಯಿ ಖಾತೆ) ಎಫ್‌ಡಿ ಮಾಡು, ಲಾಭ ಅಂತ. ದಿರ್ಹಮ್ ಡಾಲರಿಗೆ ಕಟ್ಟಿಹಾಕಿದ ಹಣ, ಒಂದು ಡಾಲರಿಗೆ 3.6725. ರೂಪಾಯಿ ಇನ್ನೂ ಕುಸಿದರೆ ನಿನ್ನ ಸಾಲ ದಿರ್ಹಮಿನಲ್ಲಿ ಹಾಗೇ ಇರುತ್ತದೆ, ಎಫ್‌ಡಿಯ ಬೆಲೆ ಇಳಿಯುತ್ತದೆ. ನಿನಗೆ ಬೇಕಾದದ್ದು ಇದರ ತದ್ವಿರುದ್ಧ. ನಿನ್ನ ಸಾಲ ರೂಪಾಯಿಯಲ್ಲಿದೆ, ಸಂಬಳ ದಿರ್ಹಮಿನಲ್ಲಿ, ರೂಪಾಯಿ ಇಳಿದಷ್ಟೂ ನಿನ್ನ ಸಾಲ ಹಗುರ. ಈ ಅನುಕೂಲವನ್ನು ಕೈಯಾರೆ ಕಳಕೊಳ್ಳಬೇಡ.

ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಗಂಟು, ಬಂದಾಗ ತೀರಿಸ್ತೇನೆ ಅನ್ನುವುದೂ ಬೇಡ. ಮೊದಲ ಐದು ವರ್ಷ ಅದು ವರ್ಷಕ್ಕೆ 21 ದಿನದ ಬೇಸಿಕ್ (ಭತ್ಯೆ ಬಿಟ್ಟ ಮೂಲ ಸಂಬಳ) ಮಾತ್ರ. ನಿನ್ನ ಬೇಸಿಕ್ 3,500 ಇದ್ದರೆ ವರ್ಷಕ್ಕೆ 2,450.

ಕೆಲಸ ಹೋದರೆ ವೀಸಾವೂ ಹೋಗುವ ದೇಶ ಇದು. ಸಾಲ ಬಾಕಿ ಇದ್ದರೆ ಬ್ಯಾಂಕಿನವರು ಕೋರ್ಟಿಗೆ ಹೋಗಿ ನೀನು ದೇಶ ಬಿಡದಂತೆ ತಡೆ ತರಬಹುದು. ಊರಿಗೆ ಹೋಗಿಬಿಟ್ಟರೆ ಮುಗಿಯಿತು ಅನ್ನುವವರ ಮಾತಿಗೂ ಅರ್ಥವಿಲ್ಲ. 2020ರ ಜನವರಿಯಿಂದ ಇಲ್ಲಿಯ ಸಿವಿಲ್ ಕೋರ್ಟಿನ ಡಿಕ್ರಿಯನ್ನು, ಅಂದರೆ ತೀರ್ಪಿನ ಆದೇಶವನ್ನು, ನಮ್ಮ ಜಿಲ್ಲಾ ನ್ಯಾಯಾಲಯದಲ್ಲೇ ಜಾರಿ ಮಾಡಿಸಬಹುದು. ಪ್ರೊಬೇಷನ್ ಕೂಡ ಮುಗಿಯದ ನೀನು ಈಗ ಸಹಿ ಹಾಕಬಾರದು ಅನ್ನುವುದು ಇದಕ್ಕೇ. ಪ್ರೊಬೇಷನ್ ಮುಗಿದ ಮೇಲೂ ಕೈಸಾಲದ ದೊಡ್ಡ ಪಾಲು ಉಳಿದಿದ್ದರೆ, ಆ ಮೊತ್ತಕ್ಕೆ ಮಾತ್ರ, ಒಂದೇ ವರ್ಷದ ಅವಧಿಗೆ ಬ್ಯಾಂಕ್ ಸಾಲ ಕೇಳುವುದರಲ್ಲಿ ತಪ್ಪಿಲ್ಲ. 36ರ ಬದಲು ಏಳೂವರೆ ಕಟ್ಟುವುದು ಒಳ್ಳೆಯದೇ. ಸ್ಲ್ಯಾಬಿನ ದುಡ್ಡು ಮಾತ್ರ ಅದರಲ್ಲಿ ಸೇರಕೂಡದು, ಹೆಂಚಿನ ಮನೆ ಇನ್ನೆರಡು ಮಳೆಗಾಲ ತಡೆಯುತ್ತದೆ.

ಬರುವ ಭಾನುವಾರ ನಮ್ಮಲ್ಲಿಗೆ ಊಟಕ್ಕೆ ಬಾ. ಪೇ ಸ್ಲಿಪ್ಪು, ಅಡವಿನ ರಸೀದಿ, ಕೈಸಾಲ ಯಾರ್ಯಾರಿಗೆ ಎಷ್ಟೆಷ್ಟು ಅನ್ನುವ ಪಟ್ಟಿ ತಾ. ಊಟ ಆದ ಮೇಲೆ ಕೂತು ತಿಂಗಳು ತಿಂಗಳಿನದ್ದು ಬರೆದುಬಿಡೋಣ. ಅಲ್ಲಿಯವರೆಗೆ ಏಜೆಂಟನ ಫೋನ್ ಎತ್ತಬೇಡ.