ಚಿಪ್ಪು ತನ್ನ ವಯಸ್ಸು ಹೇಳುವುದಿಲ್ಲ

ಕಡಲತಳದ ಕೆಸರಿನ ಚಿಪ್ಪುಗಳಿಂದ ಕಾಲ ಗುರುತಿಸುವುದರ ಬಗ್ಗೆ ನೀವು ಬರೆದು ಕಳುಹಿಸಿದ 'ಕಡಲಾಳದ ಗಡಿಯಾರ' ಲೇಖನವನ್ನು ಎರಡು ಸಲ ಓದಿದೆ. ಕೊರೆದು ತೆಗೆದ ಕೆಸರನ್ನು 63 ಮೈಕ್ರಾನ್ ಜರಡಿಯಲ್ಲಿ ತೊಳೆದು, ಉಳಿದ ಬಿಳಿ ಪುಡಿಯಿಂದ ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳ ಚಿಪ್ಪುಗಳನ್ನು ಒದ್ದೆ ಕುಂಚದ ತುದಿಯಲ್ಲಿ ಎತ್ತುವ ಭಾಗ ಚೆನ್ನಾಗಿದೆ. ಆದರೆ ಮೂರನೆಯ ಪ್ಯಾರಾ ನನ್ನನ್ನು ಕೆರಳಿಸಿತು.

"ಆರ್ಬುಲಿನಾದ ದುಂಡನೆಯ ಚಿಪ್ಪು ತನ್ನ ವಯಸ್ಸು ಒಂದೂವರೆ ಕೋಟಿ ವರ್ಷ ಎಂದು ಹೇಳುತ್ತದೆ." ಇಲ್ಲ, ಹೇಳುವುದಿಲ್ಲ. ಆರ್ಬುಲಿನಾ ಎಂಬ ಈ ಫೊರಾಮಿನಿಫೆರಾ ಇಂದಿಗೂ ಸಮುದ್ರದಲ್ಲಿ ತೇಲುತ್ತಿದೆ. ನೀವು ಎತ್ತಿದ ಚಿಪ್ಪಿನ ಜೀವಿ ಹೋದ ವರ್ಷ ಸತ್ತಿರಲೂಬಹುದು. ಬೆಲೆಯಿರುವುದು ಚಿಪ್ಪಿಗಲ್ಲ, ಅದು ಮೊದಲ ಬಾರಿಗೆ ಕಾಣಿಸಿಕೊಳ್ಳುವ ಪದರಕ್ಕೆ. ಅದರ ಕೆಳಗೆ ಆರ್ಬುಲಿನಾ ಇಲ್ಲ, ಮೇಲೆ ಇದೆ. ಚಿಪ್ಪಿನಿಂದ ನಮಗೆ ಸಿಗುವುದು ಈ ಹಿಂದು ಮುಂದು ಮಾತ್ರ. ಒಂದೂವರೆ ಕೋಟಿ ಎಂಬ ಸಂಖ್ಯೆ ಬೇರೆ ಕಡೆಯಿಂದ ಬಂದದ್ದು: ಕೆಸರಿನಲ್ಲಿ ದಾಖಲಾದ ಭೂಕಾಂತ ಧ್ರುವಗಳ ಪಲ್ಲಟಗಳಿಂದ, ಆರ್ಗಾನ್ ಅಳೆದು ಕಾಲ ನಿರ್ಣಯಿಸಿದ ಜ್ವಾಲಾಮುಖಿ ಬೂದಿಯಿಂದ. ಆ ದುಡಿಮೆಯೆಲ್ಲ ನಿಮ್ಮ "ಹೇಳುತ್ತದೆ"ಯ ಅಡಿಯಲ್ಲಿ ಹೂತುಹೋಗಿದೆ.

ಇಪ್ಪತ್ತೆರಡನೆಯ ವಯಸ್ಸಿನಲ್ಲಿ ನಾನೂ ಇದೇ ಕ್ರಿಯಾಪದವನ್ನು ನಂಬಿದ್ದೆ. ಕಾಲ ನಮೂದಿಸದ ಒಂದು ವೀರಗಲ್ಲಿನ ಬಗ್ಗೆ ಬರೆಯುತ್ತ "ಇದು ಏಳನೆಯ ಶತಮಾನದ್ದೆಂದು ಲಿಪಿಯೇ ಹೇಳುತ್ತದೆ" ಎಂದಿದ್ದೆ. ನಮ್ಮ ಹಿರಿಯ ಸಂಪಾದಕರು ಪೆನ್ಸಿಲಿನಿಂದ ಅಡಿಗೆರೆ ಎಳೆದು, "ನಿನ್ನ ಕಿವಿಯಲ್ಲಿ ಹೇಳಿತೇ?" ಎಂದು ಕೇಳಿ ಹಸ್ತಪ್ರತಿಯನ್ನು ಹಿಂದಿರುಗಿಸಿದರು. ಮೂರು ತಿಂಗಳು ಶಾಸನಗಳ ಪಡಿಯಚ್ಚುಗಳ ಮುಂದೆ ಕುಳಿತೆ. ಅಕ್ಷರದ ತಲೆಕಟ್ಟು ಬದಲಾದ ಕ್ರಮ ತಿಳಿಯಿತು, ಶತಮಾನ ತಿಳಿಯಲಿಲ್ಲ. ಬಾದಾಮಿಯ ಬಂಡೆಯ ಮೇಲೆ ಶಕವರ್ಷ 465 ಎಂದು ಕೆತ್ತಿರುವಂಥ ಶಾಸನಗಳು ಇರುವುದರಿಂದಲೇ ಕಾಲ ನಮೂದಿಸದ ಕಲ್ಲುಗಳಿಗೆ ಶತಮಾನ ಹೇಳಬಹುದಾಗಿದೆ. ಲೇಖನವನ್ನು ನಾಲ್ಕು ಸಲ ತಿದ್ದಿ ಬರೆದೆ.

ಇನ್ನೊಂದು ಫೊರಾಮಿನಿಫೆರಾ ಬಗ್ಗೆ ನಿಮ್ಮ ಇನ್ನೊಂದು ಸಾಲು: "ಗುಲಾಬಿ ಬಣ್ಣದ ಗ್ಲೋಬಿಜೆರಿನಾಯ್ಡಿಸ್ ರೂಬರ್ ಸುಮಾರು 1,20,000 ವರ್ಷಗಳ ಹಿಂದೆ ಅಳಿದುಹೋಯಿತು." ಎಲ್ಲಿ? ಹಿಂದೂ ಮಹಾಸಾಗರದಲ್ಲಿ ಮತ್ತು ಪೆಸಿಫಿಕ್‌ನಲ್ಲಿ. ಅಟ್ಲಾಂಟಿಕ್‌ನಲ್ಲಿ ಅದು ಈಗಲೂ ಜೀವಂತವಾಗಿದೆ. ನಮ್ಮ ಅರಬ್ಬಿ ಸಮುದ್ರದ ಕೆಸರಿನಲ್ಲಿ ಕಾಲ ಗುರುತಿಸಲು ನೆರವಾಗುವ ಅದರ ಕಣ್ಮರೆ ಅಟ್ಲಾಂಟಿಕ್‌ನ ಕೆಸರಿಗೆ ಅನ್ವಯಿಸುವುದೇ ಇಲ್ಲ. ಎರಡು ಸಾಗರಗಳ ಹೆಸರು ಬಿಟ್ಟದ್ದರಿಂದ ಬದುಕಿರುವ ಜೀವಿಯನ್ನು ನೀವು ಕೊಂದಿದ್ದೀರಿ. ಅದರ ಮುಂದಿನ "ಪ್ರತಿ ಪ್ರಭೇದವೂ ತನ್ನ ಗಂಟೆ ಬಾರಿಸುತ್ತದೆ" ಎಂಬುದನ್ನು ದಯವಿಟ್ಟು ಹೊಡೆದುಹಾಕಿ. ಪ್ರವಾಹ ಹಳೆಯ ಚಿಪ್ಪನ್ನು ಕೆದಕಿ ಹೊಸ ಪದರಕ್ಕೆ ತರುತ್ತದೆ; ಕೊರೆದ ಬಾವಿಯ ಗೋಡೆ ಕುಸಿದು ಮೇಲಿನ ಚಿಪ್ಪು ಕೆಳಗೆ ಬೀಳುತ್ತದೆ. ಇವೆರಡನ್ನೂ ಅನುಮಾನಿಸುತ್ತ ಕಣ್ಣು ನೋಯುವವರೆಗೆ ಸೂಕ್ಷ್ಮದರ್ಶಕದ ಮುಂದೆ ಕೂರುವವರ ಎಚ್ಚರ ನಿಮ್ಮ ಗಂಟೆಯ ಸದ್ದಿನಲ್ಲಿ ಕೇಳಿಸುವುದಿಲ್ಲ.

ಶೀರ್ಷಿಕೆಯಿಂದ ಗಡಿಯಾರವನ್ನು ತೆಗೆಯಿರಿ. ಮೂರನೆಯ ಪ್ಯಾರಾ ಬೂದಿಯ ಪದರದಿಂದ ಆರಂಭವಾಗಲಿ. ಜರಡಿಯ ಭಾಗವನ್ನು ಮಾತ್ರ ಮುಟ್ಟಬೇಡಿ. ತಿಂಗಳೊಳಗೆ ಕಳುಹಿಸಿದರೆ ನಾನೇ ಕುಳಿತು ಓದುತ್ತೇನೆ.