ವೈಫೈ ಗುರುತು ತುಂಬಿದೆ, ಇಂಟರ್‌ನೆಟ್ ಏಕೆ ಬರುತ್ತಿಲ್ಲ?

ಪ್ರಶ್ನೆ: ನಮ್ಮದು ಮಾನ್ವಿಯಲ್ಲಿ ಗೊಬ್ಬರದ ಅಂಗಡಿ. ಮೊಬೈಲ್‌ನಲ್ಲಿ ವೈಫೈ ಗುರುತು ಪೂರ್ತಿ ಇದ್ದರೂ ಎಷ್ಟೋ ಸಲ ಇಂಟರ್‌ನೆಟ್ ಬರುವುದಿಲ್ಲ. ರಿಪೇರಿಗೆ ಬಂದವರು ರೂಟರ್, ಐಪಿ, ಡಿಎನ್‌ಎಸ್ ಎಂದೇನೋ ಹೇಳಿ ಹೋದರು. ಇವುಗಳ ಅರ್ಥ ತಿಳಿಸುವಿರಾ?
– ಓದುಗರೊಬ್ಬರು, ಮಾನ್ವಿ, ರಾಯಚೂರು ಜಿಲ್ಲೆ

ಉತ್ತರ: ವೈಫೈ ಬೇರೆ, ಇಂಟರ್‌ನೆಟ್ ಬೇರೆ. ನೀವು ನೋಡುವ ಗುರುತು ನಿಮ್ಮ ಮೊಬೈಲಿಗೂ ಅಂಗಡಿಯ ರೂಟರಿಗೂ ನಡುವಿನ ಸಂಪರ್ಕ ಎಷ್ಟು ಗಟ್ಟಿಯಾಗಿದೆ ಎಂಬುದನ್ನಷ್ಟೇ ಹೇಳುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿರುವ ನಿಮಗೆ ಇದನ್ನು ವಿವರಿಸುವುದು ಕಷ್ಟವಲ್ಲ: ಹೊಲಗಾಲುವೆ ಎಷ್ಟೇ ಚೊಕ್ಕಟವಾಗಿದ್ದರೂ ಮೇಲಿನಿಂದ ನೀರು ಬಾರದಿದ್ದರೆ ಗದ್ದೆ ನೆನೆಯುವುದಿಲ್ಲ.

ಅಂಗಡಿಯೊಳಗಿನ ಮೊಬೈಲು, ಕಂಪ್ಯೂಟರು, ಪ್ರಿಂಟರುಗಳನ್ನು ಒಂದು ಜಾಲವಾಗಿ ಕೂಡಿಸಿ ಹೊರಗಿನ ಜಾಲಕ್ಕೆ ದಾರಿ ಮಾಡಿಕೊಡುವ ಪೆಟ್ಟಿಗೆಯೇ ರೂಟರ್. ಪ್ರತಿ ಸಾಧನಕ್ಕೂ ಅದು ಕೊಡುವ ಸಂಖ್ಯೆಯ ವಿಳಾಸವೇ ಐಪಿ ವಿಳಾಸ. 192.168 ಎಂದು ಆರಂಭವಾಗುವ ವಿಳಾಸಗಳು ಒಳಗಿನ ಬಳಕೆಗೆ ಮೀಸಲು. ಆದ್ದರಿಂದ ನಿಮ್ಮ ಕಂಪ್ಯೂಟರಿನ ವಿಳಾಸವೇ ಸಿಂಧನೂರಿನ ಇನ್ನೊಂದು ಅಂಗಡಿಯಲ್ಲೂ ಇರಬಹುದು, ಅದರಿಂದ ತೊಂದರೆಯಿಲ್ಲ. ಐಪಿ ವಿಳಾಸದ ಹಳೆಯ ಪದ್ಧತಿಯಲ್ಲಿ (ಐಪಿವಿ4) ಒಟ್ಟು ವಿಳಾಸಗಳೇ ಸುಮಾರು 430 ಕೋಟಿ ಮಾತ್ರ ಇರುವುದರಿಂದ ಇಂಥ ಏರ್ಪಾಡು ಅನಿವಾರ್ಯವಾಯಿತು.

ಡಿಎನ್‌ಎಸ್ ಕುರಿತು ತುಸು ಹೆಚ್ಚು ಹೇಳಬೇಕು, ಏಕೆಂದರೆ ಜನರನ್ನು ಹೆಚ್ಚು ಗೊಂದಲಕ್ಕೆ ಕೆಡಹುವುದು ಇದೇ. ನಾವು ಜಾಲತಾಣದ ಹೆಸರನ್ನು ಬರೆಯುತ್ತೇವೆ, ಆದರೆ ಕಂಪ್ಯೂಟರಿಗೆ ಬೇಕಾದುದು ಸಂಖ್ಯೆ. ಹೆಸರಿಗೆ ತಕ್ಕ ಸಂಖ್ಯೆಯನ್ನು ಹುಡುಕಿಕೊಡುವ ವ್ಯವಸ್ಥೆಯೇ ಡಿಎನ್‌ಎಸ್. ಮೊದಲು ಹೆಸರು ಮತ್ತು ಸಂಖ್ಯೆಗಳನ್ನೆಲ್ಲ ಒಂದೇ ಕಡತದಲ್ಲಿ ಬರೆದಿಟ್ಟು ಎಲ್ಲರಿಗೂ ಹಂಚುತ್ತಿದ್ದರು. ಜಾಲ ಬೆಳೆದಂತೆ ಅದು ಸಾಲದಾಗಿ, 1983ರಲ್ಲಿ ಅಮೆರಿಕದ ಪಾಲ್ ಮೊಕಾಪೆಟ್ರಿಸ್ ಡಿಎನ್‌ಎಸ್ ವ್ಯವಸ್ಥೆಯನ್ನು ರೂಪಿಸಿದರು. ಇದು ಕೈಕೊಟ್ಟರೆ ತಂತಿ, ರೂಟರ್ ಎಲ್ಲವೂ ಸರಿಯಿದ್ದರೂ ಪುಟಗಳು ತೆರೆಯುವುದಿಲ್ಲ.

ಮುಂದಿನ ಸಲ ಹೀಗಾದಾಗ ಮೊದಲು ಫೈಬರ್ ತಂತಿ ಬಂದು ಸೇರುವ ಪೆಟ್ಟಿಗೆಯನ್ನು ನೋಡಿ. ‘ಎಲ್‌ಒಎಸ್’ ಎಂಬಲ್ಲಿ ಕೆಂಪು ದೀಪ ಮಿನುಗುತ್ತಿದ್ದರೆ ಫೈಬರಿನ ಬೆಳಕು ನಿಮ್ಮವರೆಗೆ ತಲುಪುತ್ತಿಲ್ಲವೆಂದು ಅರ್ಥ. ತಂತಿ ಎಲ್ಲೋ ತುಂಡಾಗಿರಬಹುದು ಅಥವಾ ಮಡಚಿರಬಹುದು. ಆಗ ರೂಟರನ್ನು ಪದೇ ಪದೇ ಆರಿಸಿ ಹಚ್ಚುವುದರಿಂದ ಪ್ರಯೋಜನವಿಲ್ಲ, ಕಂಪನಿಗೆ ದೂರು ಕೊಡಬೇಕು. ಕೆಂಪು ದೀಪವಿಲ್ಲದಿದ್ದರೆ ಬ್ರೌಸರಿನಲ್ಲಿ ಹೆಸರಿನ ಬದಲು 1.1.1.1 ಎಂಬ ಐಪಿ ವಿಳಾಸವನ್ನೇ ಬರೆದು ನೋಡಿ. ಆ ಪುಟ ತೆರೆದು, ಹೆಸರು ಬರೆದ ಬೇರೆ ಯಾವ ತಾಣವೂ ತೆರೆಯದಿದ್ದರೆ ದೋಷ ಡಿಎನ್‌ಎಸ್‌ನದೇ ಎಂದು ಬಹುಮಟ್ಟಿಗೆ ಹೇಳಬಹುದು. ದೂರು ಕೊಡುವಾಗ ದೀಪದ ಬಣ್ಣವನ್ನೂ ಈ ಪರೀಕ್ಷೆಯಲ್ಲಿ ಕಂಡದ್ದನ್ನೂ ತಿಳಿಸಿದರೆ, ಬರುವವರು ಅದಕ್ಕೆ ತಕ್ಕ ಸಲಕರಣೆಯೊಡನೆ ಬರುತ್ತಾರೆ.